ಬೆನ್ನು ತೋರಿಸಿದ ಸಿಪಾಯಿ

ನೀಲಗಂಗಾ ಹೊಳೆಯ ದಂಡೆಗುಂಟ ಓಡುತ್ತ ಬಂದಳು. ಒಂದು ಚಪ್ಪಲಿ ಕೈಯಲ್ಲಿತ್ತು. ಇನ್ನೊಂದು ಎಲ್ಲಿ ಬಿತ್ತೋ ಅವಳಿಗೇ ಗೊತ್ತಿರಲಿಲ್ಲ.

“ಅಜ್ಜಾರ! ಗ್ವಾಡಿ ಸಿಕ್ತ್ರಿ!”

ಏಕಾಂತಪ್ಪಜ್ಜ ಹುಣಸೆಮರದ ಕೆಳಗೆ ಬಣ್ಣ ಅರೆಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

“ಎಷ್ಟ್ ದೊಡ್ಡದೈತಿ?”

“ಬಸ್‌ಸ್ಟ್ಯಾಂಡ್ ಎದುರಿನ ಹಳೇ ಹತ್ತಿ ಗಿರಣಿ ಗ್ವಾಡಿರಿ. ಈ ತುದಿಗೆ ನಿಂತು ಕೂಗಿದ್ರ ಆ ತುದಿಗೆ ಕೇಳಿಸೂದಿಲ್ಲ!”

“ಕೂಗಿ ನೋಡಿದೇನು?”

“ನೋಡೀನ್ರಿ!”

ಅಜ್ಜ ನಕ್ಕರು. ಅರೆಯುವ ಕಲ್ಲು ನಿಂತಿತು.

ಅವರು ಚಿತ್ರಗಾರರು. ಸುತ್ತಲ ಊರುಗಳ ಗುಡಿ ಗೋಡೆಗಳಿಗೆ ಆಯುಷ್ಯವಿಡೀ ಚಿತ್ರ ಬರೆದವರು. ಈಗ ಹೊಳೆದಂಡೆಯ ಗುಡಿಸಲಲ್ಲಿ ಇರುತ್ತಿದ್ದರು. ಕಲಿಯಲು ಬಂದವರಲ್ಲಿ ಉಳಿದವಳು ನೀಲಗಂಗಾ ಒಬ್ಬಳೇ.

ಹೊಳೆಮುರಡಿ ಸಣ್ಣ ಊರು. ಆದರೆ ಮನೆಗೊಬ್ಬರೆಂಬಂತೆ ಅಲ್ಲಿಂದ ಸೈನ್ಯಕ್ಕೆ ಹೋಗಿದ್ದರು. ಅವರನ್ನೆಲ್ಲ ಒಂದು ಗೋಡೆಯ ಮೇಲೆ ಬರೆಸಬೇಕೆಂದು ಊರು ಹಿಗ್ಗಿನಿಂದ ತೀರ್ಮಾನ ಮಾಡಿತ್ತು. ಹಿರಿಯರು ಅಜ್ಜನನ್ನು ಕೇಳಲು ಬಂದಿದ್ದರು. ಅಜ್ಜ ಶಿಷ್ಯೆಯ ಕಡೆ ಕೈ ಮಾಡಿದ್ದರು.

“ಅಷ್ಟೂ ಮಂದಿಗೆ ದೊಡ್ಡ ಗ್ವಾಡಿನ ಬೇಕು, ಈಕಿ ಒಬ್ಬಾಕಿ ಬರೀತಾಳೇನ್ರಿ?” ಎಂದು ಹಿರಿಯರು ಕೇಳಿದ್ದರು.

“ಗ್ವಾಡಿ ಸಣ್ಣದಾದ್ರ ನಾ ಬರೀತಿದ್ದೆ” ಎಂದಿದ್ದರು ಅಜ್ಜ.

ಈಗ ನೀಲಗಂಗಾ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಏದುಸಿರು ಬಿಡುತ್ತಿದ್ದಳು.

“ಅಜ್ಜಾರ, ವೀರರನ್ನ ಬರಿಯೂದು ಹೆಂಗ್ರಿ?”

“ನಂಗೊತ್ತಿಲ್ಲ, ತಂಗಿ. ನಾ ಮನಷ್ಯಾರನ್ನ ಬರದೀನಿ. ಅವರಾಗ ಯಾರರೆ ವೀರರು ಇದ್ದಿರಬೇಕು.”

“ಮತ್ತ ನಾ ಏನ್ ಮಾಡ್ಲಿ?”

“ಮೊದಲ ಸುಣ್ಣ ಹಚ್ಚು.”

*

ಸುಣ್ಣ ಹಚ್ಚಲು ನೀಲಗಂಗಾ ಒಬ್ಬಳೇ ಹೋದಳು. ಹೊತ್ತೇರುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು.

ಯಾರೋ ಬಕೆಟ್ಟು ತಂದರು. ಯಾರೋ ಏಣಿ ತಂದರು. ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ ಹಳೇ ಕಸಬರಿಗೆಗಳನ್ನು ಹಿಡಿದು ನಿಂತರು. ಬಸ್ಸಿನವರು ಹಾರ್ನು ಬಡಿದು ಹುರುಪು ತುಂಬಿದರು. ಸುಣ್ಣ ಗೋಡೆಗೆ ಬಿದ್ದಷ್ಟೇ ಒಬ್ಬರ ಮೈಮೇಲೆ ಒಬ್ಬರಿಗೆ ಬಿತ್ತು. ಓಕುಳಿ ಆಡಿದಂತಾಯಿತು.

ಮಾಜಿ ಸೈನಿಕರು ಯೂನಿಫಾರ್ಮು ಹಾಕಿಕೊಂಡು ಬಂದರು. ಟ್ರಂಕಿನಿಂದ ಹೊರಬಂದ ಕೋಟುಗಳು ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದವು. ಕೆಲವರ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ.

ಎಲ್ಲರಿಗೂ ಹಿರಿಯರು ಸುಭೇದಾರ್ ದಾವಲಸಾಬರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ದನಿ ಮಾತ್ರ ಇನ್ನೂ ಪರೇಡ್ ಮೈದಾನದ್ದೇ.

“ಸಾಲಾಗಿ ನಿಲ್ರಿ! ಮುಖ ತೊಳಕೊಂಡು ಬಂದವರು ಅಷ್ಟ ಮುಂದ ಬರ್ರಿ!”

ನೀಲಗಂಗಾ ಬಿದಿರಿನ ಅಟ್ಟ ಏರಿದಳು. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಬರೆದಳು. ಕೆಳಗೆ ನೆರೆದ ಮಂದಿ ಮೂಗು ಮೂಡುವಾಗಲೇ ಹೆಸರು ಹೇಳುತ್ತಿದ್ದರು. ಕಣ್ಣು ಮೂಡಿದಾಗ ಸಿಳ್ಳೆ ಹಾಕುತ್ತಿದ್ದರು.

ಸುಭೇದಾರರು ತಮ್ಮ ಮೀಸೆಯನ್ನು ಮೂರು ಸಲ ತಿದ್ದಿಸಿದರು.

ಒಂದು ದಿನ ತೆಳ್ಳಗಿನ ಮುದುಕರೊಬ್ಬರು ಹಿಂಜರಿಯುತ್ತ ಬಂದರು.

“ನಾ ಬಂದೂಕು ಹಿಡಿದವ ಅಲ್ಲವ್ವಾ. ಸೈನ್ಯದಾಗ ಅಡಗಿ ಮಾಡ್ತಿದ್ದೆ. ನನ್ನನ್ನೂ ಬರೀತೀಯೇನು?”

ನೀಲಗಂಗಾ ಅಟ್ಟ ಇಳಿದು ಹೊಳೆದಂಡೆಗೆ ಓಡಿದಳು.

“ಅಜ್ಜಾರ, ಅಡಗಿಯವರನ್ನ ಸಿಪಾಯಿಗಳ ಸಾಲಿನಾಗ ಬರೀಬಹುದೇನ್ರಿ?”

“ಆ ಸಾಲಿನವರೆಲ್ಲ ಉಪವಾಸ ಹೋರಾಡಿದ್ರೇನು, ಕೇಳ್ಕೊಂಡು ಬಾ.”

ಅವಳು ಕೇಳಲಿಲ್ಲ. ಓಡಿದ ದಾರಿಯಲ್ಲೇ ಓಡಿಹೋಗಿ ಮುದುಕರನ್ನು ಬರೆದಳು, ಕೈಯಲ್ಲಿ ಸೌಟು ಸಮೇತ. ಮಾಜಿ ಸೈನಿಕರೆಲ್ಲ ಎದ್ದುನಿಂತು ಚಪ್ಪಾಳೆ ಹೊಡೆದರು. ಮುದುಕರು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು.

ಆ ರಾತ್ರಿ ನೀಲಗಂಗಾ ಉಣ್ಣುವಾಗಲೂ ಬೆರಳಿನಿಂದ ಗಂಗಾಳದಲ್ಲಿ ಗೆರೆ ಎಳೆಯುತ್ತಿದ್ದಳು.

“ಅಜ್ಜಾರ, ನಂಗ ಮುಖ ಬರಿಯಾಕ ಬರ್ತೈತ್ರಿ. ಈಗ ಯಾರ ಮುಖ ಕೊಟ್ರೂ ಬರೀತೀನಿ!”

“ಹಂಗೇನು?” ಎಂದರು ಅಜ್ಜ.

*

ಗೋಡೆಯ ಬಲತುದಿಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು.

ಸುಭೇದಾರರು ಅಲ್ಲಿ ನಿಂತು ಟೋಪಿ ತೆಗೆದರು.

“ಇಲ್ಲಿ ಮೈಲಾರಪ್ಪನ್ನ ಬರಿಬೇಕವಾ.”

ಆ ಹೆಸರು ಕೇಳಿದ ಕೂಡಲೇ ಗದ್ದಲ ನಿಂತಿತು.

ಮೈಲಾರಪ್ಪ ಆ ಊರಿನಿಂದ ಯುದ್ಧಕ್ಕೆ ಹೋಗಿ ತಿರುಗಿ ಬಾರದವನು. ಅವನ ಹೆಸರು ಹೇಳಿಯೇ ಉಳಿದವರ ಮಕ್ಕಳು ಸೈನ್ಯಕ್ಕೆ ಸೇರಿದ್ದರು. ದಾವಲಸಾಬರೂ ಹಾಗೆ ಸೇರಿದವರೇ.

“ಫೋಟೋ ಕೊಡ್ರಿ” ಎಂದಳು ನೀಲಗಂಗಾ.

“ಇಲ್ಲವಾ. ಒಂದಿತ್ತಂತ. ಅವನ ಲಗ್ನಕ್ಕಿಂತ ಮೊದಲ ಹೊಳಿ ಬಂದಾಗ ಮನಿ ಕೂಡ ಹೋತು.”

“ನೀವು ಅವರನ್ನ ನೋಡೀರಿ?”

“ನಾ ಆಗ ಹಾಲುಹಲ್ಲಿನ ಕೂಸು. ಅವನ ಓರಗೆಯವರು ಒಬ್ಬರೂ ಉಳದಿಲ್ಲ. ಹೆಂಡ್ತಿ ಹೊಳೆವ್ವ ಅದಾಳ. ಕೇಳಿ ನೋಡು.”

ನೀಲಗಂಗಾ ಓಡಿಹೋಗಿ ಕೇಳಿದಳು. ಹೊಳೆವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

“ಅಮ್ಮಾ, ಅವರ ಮುಖ ಹೆಂಗಿತ್ರಿ?”

ಹೊಳೆವ್ವ ಮೊರದಿಂದ ಕಣ್ಣು ಎತ್ತಲಿಲ್ಲ.

“ನೆನಪಾಗವಲ್ದವಾ.”

ನೀಲಗಂಗಾ ಎದೆಗುಂದಲಿಲ್ಲ. ಇಷ್ಟೊಂದು ಮುಖ ಬರೆದ ಕೈ. ವೀರನ ಮುಖ ಹೇಗಿರಬೇಕೋ ಅದಕ್ಕೆ ಗೊತ್ತು! ಅವಳು ಅಟ್ಟ ಏರಿ ಅಗಲ ಹಣೆ ಬರೆದಳು, ಹುರಿ ಮೀಸೆ ಬರೆದಳು, ಕೆಂಡದಂಥ ಕಣ್ಣು ಬರೆದಳು. ಬಿಸಿಲು ಇಳಿಯುವ ಹೊತ್ತಿಗೆ ಊರೆಲ್ಲ ಬಾಯಿ ತೆರೆದು ನೋಡುತ್ತಿತ್ತು.

“ಅಬಬಬ! ಮೈಲಾರಪ್ಪ ಅಂದ್ರ ಮೈಲಾರಪ್ಪ!” ಅವನನ್ನು ಎಂದೂ ನೋಡದವರೇ ಹೆಚ್ಚು ಕೂಗಿದರು.

ಹೊಳೆವ್ವನನ್ನು ಕರೆತಂದರು. ಮಂದಿ ಸರಿದು ದಾರಿ ಮಾಡಿಕೊಟ್ಟಿತು. ಆಕೆ ಸೆರಗು ಹೊದ್ದುಕೊಂಡು ಗೋಡೆಯ ಮುಂದೆ ನಿಂತಳು. ತಲೆ ಎತ್ತಿ ನೋಡಿದಳು.

“ಭಾಳ ಚಂದ ಅದಾನವಾ” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಯಾರ ಮಗ ಇಂವಾ?”

*

“ಅಜ್ಜಾರ, ನನ್ನ ಕೈ ಕಡದ ಹಾಕ್ರಿ” ಎಂದು ಮರುದಿನ ಬೆಳಿಗ್ಗೆ ನೀಲಗಂಗಾ ಹುಣಸೆಮರದ ಬುಡಕ್ಕೆ ಕೂತುಬಿಟ್ಟಳು.

ಅಜ್ಜ ಅವಳಿಗೆ ನೀರು ಕೊಟ್ಟರು. ಅವಳು ಕುಡಿದ ಮೇಲೆ ಕೇಳಿದರು.

“ಆ ಹೆಣ್ಣಮಗಳು ಏನೋ ಕೇಳಿದ್ಲು ಅಂದಿ?”

“ಯಾರ ಮಗ ಇಂವಾ ಅಂದ್ಲ್ರಿ.”

“ನೀ ಏನ್ ಹೇಳಿದಿ?”

“ಏನೂ ಹೇಳ್ಲಿಲ್ರಿ. ನಂಗೊತ್ತಿಲ್ಲ.”

“ಯಾರ ಮಗ ಅಂತ ಗೊತ್ತಿಲ್ಲದವನ್ನ ಮಂದಿ ನಡುವ ಯಾಕ ನಿಲ್ಲಿಸಿದಿ?”

ನೀಲಗಂಗಾ ಎದ್ದು ಸುಣ್ಣದ ಬಕೆಟ್ಟು ಹಿಡಿದಳು.

ಹಾಡುಹಗಲೇ, ಬಸ್ಸು ಕಾಯುತ್ತಿದ್ದವರೆಲ್ಲ ನೋಡುತ್ತಿರುವಾಗಲೇ, ಆ ಚೆಂದದ ಮುಖಕ್ಕೆ ಸುಣ್ಣ ಬಳಿದಳು. ಕಣ್ಣು ಹೋಯಿತು. ಮೀಸೆ ಹೋಯಿತು. ಮಂದಿ ಹಾಹಾಕಾರ ಮಾಡಿದರು.

“ಸಮಾರಂಭ ಹತ್ರ ಬಂತು, ಹುಚ್ಚೇನವಾ ನಿನಗ?” ಎಂದರು ಸುಭೇದಾರರು.

ಅವಳು ಪೂರ್ತಿ ಬಳಿದೇ ಇಳಿದಳು.

ಸಂಜೆ ಮತ್ತೆ ಗುರುವಿನ ಮುಂದೆ ಕೂತಳು.

“ಯಾರೂ ಕಾಣದ ಮನಷ್ಯಾನ್ನ ಬರಿಯೂದು ಹೆಂಗ್ರಿ, ಅಜ್ಜಾರ?”

“ಯಾರೂ ಕಂಡಿಲ್ಲಂತ ಯಾರ ಹೇಳಿದ್ರು?”

“ಹೊಳೆವ್ವ ಹೇಳಿದ್ಲಲ್ರಿ. ನೆನಪಿಲ್ಲ ಅಂದ್ಲು.”

“ನೀ ಏನ್ ಕೇಳಿದ್ದಿ?”

“ಮುಖ ಹೆಂಗಿತ್ತು ಅಂತ.”

ಅಜ್ಜ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದರು.

“ನಾಳೆ ಹೋಗು. ಕೇಳೂದು ಇಲ್ಲೇ ಬಿಟ್ಟು ಹೋಗು.”

*

ನೀಲಗಂಗಾ ಹೋದಳು. ಏನೂ ಕೇಳಲಿಲ್ಲ. ಒಲೆಯ ಮುಂದೆ ಕೂತು ಹೊಳೆವ್ವ ರೊಟ್ಟಿ ಬಡಿಯುತ್ತಿದ್ದಳು. ನೀಲಗಂಗಾ ಪಕ್ಕದಲ್ಲಿ ಕೂತು ಹಿಟ್ಟು ನಾದಿ ಕೊಟ್ಟಳು.

ಬಡಿದ ರೊಟ್ಟಿಗಳು ಒಂದೊಂದಾಗಿ ಬುಟ್ಟಿಗೆ ಬಿದ್ದವು.

ಬುಟ್ಟಿ ತುಂಬುತ್ತ ಬಂದಾಗ ಹೊಳೆವ್ವನೇ ಬಾಯಿ ಬಿಟ್ಟಳು.

“ಆವತ್ತು ನೆನಪಿಲ್ಲ ಅಂದೆ. ಅದು ಖರೇ ಅಲ್ಲವ್ವಾ. ನಾ ಅವರ ಮುಖಾನ ನೋಡಿಲ್ಲ.”

ನೀಲಗಂಗಾಳ ಕೈ ಹಿಟ್ಟಿನಲ್ಲೇ ನಿಂತಿತು.

“ಹೊಸಾ ಸೊಸಿ ನಾನು. ಮನಿ ತುಂಬ ಹಿರಿಯರು. ಗಂಡನ ಮುಖ ಎತ್ತಿ ನೋಡಿದ್ರ ಎಂಥಾ ಹುಡುಗಿ ಅಂತಿದ್ರು. ರಜಾದಾಗ ಬಂದು ಲಗ್ನ ಆದ್ರು. ರಜಾ ಮುಗೀತು, ಹೊಂಟ್ರು. ಇವತ್ತಲ್ಲ ನಾಳೆ ಬರ್ತಾರ, ನಿಧಾನಕ್ಕ ನೋಡಿದ್ರಾತು ಅಂದ್ಕೊಂಡಿದ್ದೆ.”

ಹೊಳೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಹೊಂಟಾಗ ನಾ ಬಾಗಲದಾಗ ನಿಂತಿದ್ದೆ. ಎಲ್ಲಾರ ಕಣ್ಣು ಅವರ ಮ್ಯಾಲಿತ್ತು, ನನ್ನ ಯಾರೂ ನೋಡ್ತಿದ್ದಿಲ್ಲ. ಆಗ ನೋಡಿದೆ ನೋಡವಾ, ಕಣ್ಣು ತುಂಬ! ಹೊಳಿ ದಾರಿಗುಂಟ ದೋಣಿತನಕ ನಡಕೋತ ಹೋದ್ರಲ್ಲ, ಅಷ್ಟೂ ದಾರಿ ನೋಡಿದೆ.”

ಆಕೆಯ ದನಿ ಏರಿತು.

“ಬಲಗಡೆ ಹೆಗಲಮ್ಯಾಲ ಟ್ರಂಕು. ಅದಕ್ಕ ಎಡಹೆಗಲು ಇಷ್ಟು ಇಳಿದಿತ್ತು. ಹೊಸದಾಗಿ ಕ್ಷೌರ ಮಾಡಿಸಿದ್ರು, ಕುತ್ತಿಗಿ ಮ್ಯಾಲ ಬಿಳೀ ಪಟ್ಟಿ! ಕಿವಿ ಎರಡೂ ಹೊರಗ ಚಾಚಿದ್ವು, ಬಿಸಿಲು ಅವುಗಳೊಳಗಿಂದ ಹಾದು ಕೆಂಪಗ ಕಾಣತಿತ್ತು. ಮತ್ತ ನಡಿಗಿ! ತಡಿ, ತೋರಿಸ್ತೀನಿ.”

ಮುದುಕಿ ಎದ್ದೇಬಿಟ್ಟಳು. ಖಾಲಿ ಬುಟ್ಟಿ ಹೆಗಲ ಮೇಲೆ ಇಟ್ಟುಕೊಂಡು ಅಂಗಳದಲ್ಲಿ ನಡೆದು ತೋರಿಸಿದಳು. ದೊಡ್ಡ ದೊಡ್ಡ ಹೆಜ್ಜೆ, ಒಂದಿಷ್ಟು ಎಡಕ್ಕೆ ವಾಲಿ, ಗತ್ತಿನಿಂದ. ಬೇಲಿಯ ಆಚೆ ನೆರೆಮನೆಯವರು ನಗತೊಡಗಿದರು. ಹೊಳೆವ್ವನೂ ನಕ್ಕಳು. ಆಮೇಲೆ ನಿಂತಳು.

“ಅಂಗಿ ಹಿಂದಿನ ಚುಂಗು ಸೊಂಟದ ಪಟ್ಟಾದಿಂದ ಹೊರಗ ಬಂದಿತ್ತು. ಅಷ್ಟು ಮಂದ್ಯಾಗ ಹಂಗ ಹೋಗಾಕತ್ತಾರಲ್ಲ ಅಂತ ನಾ ಒದ್ದಾಡಿದೆ. ಕೂಗಿ ಹೇಳಬೇಕಂದ್ರ ಅತ್ತಿ ಬಾಜೂಕ ನಿಂತಿದ್ಲು. ಬಾಯಿ ಬರ್ಲಿಲ್ಲವಾ.”

ನೀಲಗಂಗಾ ಎದ್ದು ನಿಂತಿದ್ದಳು.

“ಎಲ್ಲಿಗೆ ಹೊಂಟಿ? ರೊಟ್ಟಿ ತಿನ್ನು!”

“ಬರ್ತೀನ್ರಿ, ಅಮ್ಮಾ, ಬರ್ತೀನಿ!” ಹಿಟ್ಟಿನ ಕೈಯಲ್ಲೇ ಅವಳು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದಳು.

*

ಅವಳು ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನೀರು ಕೊಟ್ಟರೆ ಕುಡಿದಳು, ಮಾತಾಡಿಸಿದರೆ ಆಡಲಿಲ್ಲ. ಕೈ ತಾನಾಗಿ ಹರಿಯುತ್ತಿತ್ತು. ಇಳಿದ ಹೆಗಲು ಬಂತು, ಬಿಳಿ ಪಟ್ಟಿಯ ಕುತ್ತಿಗೆ ಬಂತು, ಬಿಸಿಲು ತುಂಬಿದ ಕೆಂಪು ಕಿವಿ ಬಂದವು. ಎತ್ತಿದ ಹೆಜ್ಜೆ ಬಂತು. ಕೊನೆಗೆ ಅಂಗಿಯ ಚುಂಗು.

ಅಟ್ಟ ಇಳಿದಾಗ ಅವಳಿಗೆ ಕುಣಿಯಬೇಕೆನಿಸಿತು.

ಆದರೆ ಕೆಳಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

“ಇದೇನು? ಎಲ್ಲಾರೂ ಇತ್ತ ಮುಖ ಮಾಡ್ಯಾರ. ಇಂವಾ ಒಬ್ಬ ಅತ್ತ ತಿರುಗ್ಯಾನ.”

“ಬೆನ್ನು ತೋರ್ಸಾಕತ್ತಾನ!”

ಆ ಮಾತು ಮಂದಿಯಲ್ಲಿ ಕಿಡಿಯಂತೆ ಹಾರಿತು. ಸುಭೇದಾರರು ಬಿರುಸಿನಿಂದ ಬಂದರು. ನೋಡಿದರು. ಅವರ ಮುಖ ಕಪ್ಪಿಟ್ಟಿತು.

“ರಣದಾಗ ಬೆನ್ನು ತೋರ್ಸೂದು ಅಂದ್ರ ಏನು ಅಂತ ಗೊತ್ತೈತೇನವಾ ನಿನಗ?”

“ಗೊತ್ತೈತ್ರಿ. ಆದ್ರ ಇದು...”

“ಓಡಿಹೋದವನ್ನ ಹಿಂಗ ಬರೀತಾರ! ನಮ್ಮೂರಾಗ ಜೀವಾ ಕೊಟ್ಟಾತ ಅವನೊಬ್ಬ. ಹೊಳೆಮುರಡಿ ಸಿಪಾಯಿ ಬೆನ್ನು ತೋರ್ಸಿದ ಅಂತ ಬಸ್ಸಿನಾಗ ಹೋಗೋ ಬರೋವರೆಲ್ಲ ನಗಬೇಕೇನು? ಅದರಾಗ ಅಂಗಿ ನೋಡು! ಯಾವ ಸಿಪಾಯಿ ಹಂಗ ಹೋಗ್ತಾನ?”

ಕೋಪದಲ್ಲಿ ಅವರ ಕಣ್ಣು ತುಂಬಿದ್ದವು.

“ನಾಳೆ ಸಮಾರಂಭ. ಹೊತ್ತು ಮುಳುಗೂದ್ರಾಗ ಅವನ್ನ ಇತ್ತ ತಿರುಗಿಸು. ಇಲ್ಲಾಂದ್ರ ನಾನ ಸುಣ್ಣ ಬಳೀತೀನಿ.”

ನೀಲಗಂಗಾ ಹೊಳೆದಂಡೆಗೆ ಬಂದಳು. ಈ ಸಲ ಓಡಲಿಲ್ಲ.

ಅಜ್ಜ ಎಲ್ಲ ಕೇಳಿದರು.

“ನೀ ಏನಂತಿ?”

“ಅದು ಖರೇ ಐತ್ರಿ, ಅಜ್ಜಾರ. ನಾ ಬರದಿದ್ದರಾಗ ಅದೊಂದ ಖರೇ ಐತಿ. ಆದ್ರ ಸುಭೇದಾರ್ ಸಾಹೇಬ್ರು ಅನ್ನೂದೂ ಸುಳ್ಳಲ್ರಿ. ಅವರಿಗೆ ನಾ ಹೆಂಗ ಹೇಳ್ಲಿ?”

“ಹೇಳಬ್ಯಾಡ” ಎಂದರು ಅಜ್ಜ. ಮೂಲೆಯ ಕೋಲು ತೆಗೆದುಕೊಂಡು ಎದ್ದರು. “ನಡಿ.”

ಇಷ್ಟು ದಿನ ಅವರು ಗೋಡೆಯ ಕಡೆ ಬಂದಿರಲಿಲ್ಲ.

*

ಬಸ್‌ಸ್ಟ್ಯಾಂಡಿನ ಮಂದಿ ಅಜ್ಜನನ್ನು ಕಂಡು ಎದ್ದು ನಿಂತಿತು. ಸುಭೇದಾರರು ಸುಣ್ಣದ ಬಕೆಟ್ಟಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಕೈ ಮುಗಿದರು.

“ನೀವ ನೋಡ್ರಿ, ಅಜ್ಜಾರ. ನೀವ ಹೇಳ್ರಿ.”

ಅಜ್ಜ ಗೋಡೆ ನೋಡಲೇ ಇಲ್ಲ.

“ಆಮ್ಯಾಲ ನೋಡೂಣಂತ. ಸುಭೇದಾರ್ರ, ಹೊಳೆವ್ವನ ಮನಿಗೆ ಹೋಗಬೇಕಾಗೈತಿ. ನಂಗ ದಾರಿ ಗೊತ್ತಿಲ್ಲ. ಒಂದಿಷ್ಟು ತೋರಿಸ್ತೀರಿ?”

“ಅದಕ್ಕೇನ್ರಿ, ಬರ್ರಿ!”

ಸುಭೇದಾರರು ಮುಂದೆ ನಡೆದರು. ಅವರ ಹಿಂದೆ ಅಜ್ಜ. ಅಜ್ಜನ ಹಿಂದೆ ನೀಲಗಂಗಾ. ಊರು ದಾಟಿದ ಮೇಲೆ ಹೊಳೆಯ ಏರಿ. ಎರಡು ಕಡೆ ಜಾಲಿಮುಳ್ಳು, ನಡುವೆ ಒಬ್ಬರೇ ನಡೆಯುವಷ್ಟು ದಾರಿ.

“ಇಲ್ಲಿ ತಗ್ಗೈತ್ರಿ, ಅಜ್ಜಾರ. ನಾ ಇಟ್ಟಲ್ಲೇ ಕಾಲಿಡ್ರಿ.”

“ಹೂಂ.”

“ಇಲ್ಲಿ ಮುಳ್ಳು. ನನ್ನ ಬೆನ್ನಹಿಂದನ ಬರ್ರಿ.”

“ಬಂದೆ” ಎಂದರು ಅಜ್ಜ. ಒಂದೆರಡು ಹೆಜ್ಜೆ ನಡೆದು, “ಆದ್ರ ಒಂದು ಮಾತು, ಸುಭೇದಾರ್ರ. ಇಷ್ಟು ಹೊತ್ತಾತು, ನೀವು ನಂಗ ಬೆನ್ನು ತೋರ್ಸಾಕತ್ತೀರಿ” ಎಂದರು.

ಸುಭೇದಾರರು ಹೌಹಾರಿದರು.

“ದಾರಿ ತೋರ್ಸಾಂವ ಬೆನ್ನು ತೋರಿಸದ ಇನ್ನೇನು ತೋರ್ಸಬೇಕ್ರಿ, ಅಜ್ಜಾರ?”

ಹೇಳಿದವರು ಅಲ್ಲೇ ನಿಂತುಬಿಟ್ಟರು.

ಅಜ್ಜ ಕೋಲೂರಿ ನಿಂತರು. ಕೆಳಗೆ ಹೊಳೆ ಹರಿಯುತ್ತಿತ್ತು.

ಸುಭೇದಾರರು ತಿರುಗದೆಯೇ ಹೇಳಿದರು.

“ಒಮ್ಮೆ ಹಿಮದಾಗ ಸಿಕ್ಕೊಂಡಿದ್ವಿ. ಗಾಳಿ ಅಂದ್ರ ಗಾಳಿ, ಕಣ್ಣು ತೆರಿಯಾಕ ಬರವಲ್ದು. ಹಗ್ಗ ಕಟ್ಕೊಂಡು ಒಬ್ಬರ ಹಿಂದ ಒಬ್ಬರು ನಡದ್ವಿ. ನನ್ನ ಮುಂದಿದ್ದಾತ ಯಾವ ಊರವ, ಏನು, ನಂಗ ಗೊತ್ತಿಲ್ಲ. ಮುಖ ನೋಡಿಲ್ಲ. ಕ್ಯಾಂಪಿಗೆ ಮುಟ್ಟಿದ ಮ್ಯಾಲ ಅವನ್ನ ದವಾಖಾನಿಗೆ ಒಯ್ದ್ರು. ಮತ್ತ ಸಿಗಲಿಲ್ಲ.”

ಅವರು ಕೈಯೆತ್ತಿ ಗಾಳಿಯಲ್ಲಿ ಒಂದು ಆಕಾರ ಮಾಡಿದರು. ಎರಡು ಹೆಗಲು, ಮೇಲೆ ಒಂದು ಚೀಲ.

“ಇಷ್ಟ ನೆನಪೈತಿ. ಇದನ್ನ ನೋಡ್ಕೋತ ಬದುಕಿ ಬಂದೆ.”

ಹೊಳೆವ್ವನ ಮನೆ ಇನ್ನೂ ದೂರವಿತ್ತು. ಸುಭೇದಾರರು ಮುಂದೆ ಹೋಗಲಿಲ್ಲ. ಮುಳ್ಳಿನ ಕಡೆ ಸರಿದು ಅಜ್ಜನಿಗೆ ದಾರಿ ಬಿಟ್ಟು, ನೀಲಗಂಗಾಳ ಕಡೆ ನೋಡಿದರು.

“ಇರ್ಲಿ ಬಿಡವಾ. ಹಂಗ ಇರ್ಲಿ.” ಆಮೇಲೆ ಪರೇಡಿನ ದನಿ ತಂದುಕೊಂಡರು. “ಆದ್ರ ಆ ಅಂಗಿ! ಅದನ್ನ ಪಟ್ಟಾದೊಳಗ ಹಾಕು. ಅದನ್ನ ನಾ ಒಪ್ಪೂದಿಲ್ಲ.”

“ಅದು ನಂದಲ್ರಿ, ಸಾಹೇಬ್ರ. ಹೊಳೆವ್ವಾರದು.”

“ಅಂಗಿ ಹೊಳೆವ್ವಂದು ಹೆಂಗಾಗ್ತೈತಿ?”

“ನಾಳೆ ಆಕಿನ್ನ ಕೇಳ್ರಿ” ಎಂದಳು ನೀಲಗಂಗಾ. ಅವಳ ಕಾಲು ಮತ್ತೆ ನೆಲದ ಮೇಲೆ ನಿಲ್ಲದಾಗಿದ್ದವು.

*

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೇ ಜಾಗವಿರಲಿಲ್ಲ.

ಊರ ಹೆಣ್ಣುಮಕ್ಕಳು ಹಳೇ ಸೀರೆಗಳನ್ನು ಒಂದಕ್ಕೊಂದು ಹೊಲಿದು ಗೋಡೆಯುದ್ದ ಪರದೆ ಕಟ್ಟಿದ್ದರು. ಹಲಗೆ ಬಾರಿಸುವವರು ಬಂದಿದ್ದರು, ಬ್ಯಾಂಡಿನವರೂ ಬಂದಿದ್ದರು. ಇಬ್ಬರೂ ಒಮ್ಮೆಲೇ ಬಾರಿಸುತ್ತಿದ್ದರು. ಮಕ್ಕಳು ಗಿಡ ಏರಿದ್ದರು. ಕಂಡಕ್ಟರುಗಳು ಬಸ್ಸಿನ ಟಾಪಿನ ಮೇಲೆ ನಿಂತಿದ್ದರು. ಮಾಜಿ ಸೈನಿಕರು ಸಾಲಾಗಿ ನಿಂತಿದ್ದರು. ಸೌಟಿನ ಮುದುಕರು ಎಲ್ಲರಿಗಿಂತ ನೆಟ್ಟಗೆ.

ಪರದೆ ಎಳೆಯಲು ದೊಡ್ಡ ಮನುಷ್ಯರನ್ನು ಯಾರನ್ನೂ ಕರೆಸಿರಲಿಲ್ಲ. ಸುಭೇದಾರರು ಹಗ್ಗವನ್ನು ಹೊಳೆವ್ವನ ಕೈಗೆ ಕೊಟ್ಟರು.

ಆಕೆ ಎಳೆದಳು.

ಸೀರೆಗಳು ಒಂದರ ಹಿಂದೊಂದು ಜಾರಿ ಬಿದ್ದವು. ಮುಖಗಳು ಒಂದೊಂದಾಗಿ ಬೆಳಕಿಗೆ ಬಂದವು. ಒಂದೊಂದು ಮುಖಕ್ಕೂ ಒಂದೊಂದು ಮನೆಯವರು ಕೂಗಿದರು. ಗೋಡೆಗುಂಟ ಕೂಗು ಅಲೆಯಂತೆ ಹೊರಳುತ್ತ ಹೋಗಿ ಬಲತುದಿಗೆ ಮುಟ್ಟಿತು. ಅಲ್ಲಿ ನಿಂತಿತು.

ಹಲಗೆಯೂ ನಿಂತಿತು.

ಹೊಳೆವ್ವ ಹಗ್ಗ ಬಿಟ್ಟು ನಡೆದುಹೋದಳು. ಆ ಬೆನ್ನಿನ ಹಿಂದೆ ನಿಂತಳು. ಚಿತ್ರ ಆಳೆತ್ತರದ್ದು. ಆಕೆಯ ತಲೆ ಅವನ ಹೆಗಲಿಗೆ ಬರುತ್ತಿತ್ತು.

ನೀಲಗಂಗಾ ಗುರುವಿನ ಕೈ ಗಟ್ಟಿಯಾಗಿ ಹಿಡಿದಳು.

ಹೊಳೆವ್ವ ಕುತ್ತಿಗೆಯ ಬಿಳಿ ಪಟ್ಟಿ ನೋಡಿದಳು. ಕಿವಿ ನೋಡಿದಳು. ಹೆಗಲು ನೋಡಿದಳು. ನೋಡುತ್ತ ನೋಡುತ್ತ ತಲೆಯ ಮೇಲಿನ ಸೆರಗು ಜಾರಿತು. ಎತ್ತಿಕೊಳ್ಳಲಿಲ್ಲ.

ಆಮೇಲೆ, ಇಡೀ ಊರು ಕೇಳುವಂತೆ, ಬಾಯಿ ತುಂಬ ಕೂಗಿದಳು.

“ಏನ್ರೀ! ಅಂಗಿ ಹೊರಗ ಬಂದೈತ್ರೀ! ಒಳಗ ಹಾಕ್ಕೊಂಡು ಹೋಗ್ರೀ!”

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಹೊಳೆವ್ವ ತಿರುಗಿದಳು. ಮುಖದ ತುಂಬ ನಗು, ಕಣ್ಣ ತುಂಬ ನೀರು.

“ಹೇಳೇಬಿಟ್ಟೆ ನೋಡ್ರವಾ!”

ಮೊದಲು ಹೆಣ್ಣುಮಕ್ಕಳು ನಕ್ಕರು. ಆಮೇಲೆ ಎಲ್ಲರೂ. ನಗುತ್ತಲೇ ಅತ್ತರು. ಹಲಗೆ ತಾನಾಗಿ ಎದ್ದಿತು. ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನು ಹೊಡೆದವು.

ಸುಭೇದಾರ್ ದಾವಲಸಾಬರು ಮಾತ್ರ ನಗಲಿಲ್ಲ. ಆ ಬೆನ್ನಿಗೆ, ಹೊರಬಂದ ಆ ಅಂಗಿಯ ಚುಂಗಿಗೆ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಸಾಲಿನವರೆಲ್ಲರ ಕೈಗಳೂ ಎದ್ದವು.

*

ಮಂದಿ ಕರಗುವ ಹೊತ್ತಿಗೆ ಬಿಸಿಲು ಗೋಡೆಯ ಮೇಲೆ ಅಡ್ಡ ಬಿದ್ದಿತ್ತು. ಹೊಳೆವ್ವನನ್ನು ಮನೆಗಳಿಗೆ ಕರೆಯುವವರ ನಡುವೆ ಜಗಳವೇ ನಡೆದಿತ್ತು. ಯಾರೋ ನೀಲಗಂಗಾಳ ಬಾಯಿಗೆ ಸಿಹಿ ಮಾದಲಿ ತುರುಕಿ ಹೋದರು.

ಅವಳು ಅಗಿಯುತ್ತಲೇ ಗೋಡೆಯ ಕೊನೆಗೆ ಓಡಿದಳು. ಮೈಲಾರಪ್ಪ ಹೆಜ್ಜೆ ಎತ್ತಿದ ಕಡೆ, ಗೋಡೆ ಮುಗಿಯುವವರೆಗೆ, ಬರೀ ಬಿಳಿ ಸುಣ್ಣವಿತ್ತು.

“ಅಜ್ಜಾರ, ಇಲ್ಲಿ ಇನ್ನೂ ಜಾಗ ಐತ್ರಿ! ಬಣ್ಣಾನೂ ಉಳದೈತಿ! ಹಿರಿಯರು ಬಾವುಟ ಬರಿ ಅಂತಾರ. ಸುಭೇದಾರ್ ಸಾಹೇಬ್ರು ಹಿಮದ ಗುಡ್ಡ ಅಂತಾರ. ನಂಗ ಹೊಳಿ, ದೋಣಿ ಬರಿಬೇಕನಸ್ತೈತ್ರಿ. ಈಗ ನನ್ನ ಕೈಯಾಗ ಏನರೆ ಬರ್ತೈತ್ರಿ, ಅಜ್ಜಾರ! ಏನ್ ಬರೀಲಿ, ಹೇಳ್ರಿ!”

ಏಕಾಂತಪ್ಪಜ್ಜ ಕೋಲೂರಿಕೊಂಡು ಹತ್ತಿರ ಬಂದರು. ಆ ಬಿಳಿ ಜಾಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವಳ ಕೈಯಿಂದ ಕುಂಚ ತೆಗೆದುಕೊಂಡು ತಮ್ಮ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

“ಆ ಕಡೆ ಸರಿ ತಂಗಿ, ದಾರಿ ಬಿಡು. ಆತ ನಡಿಯಾಕತ್ತಾನ.”